ಯೂ ಮರದಲ್ಲಿ ಬ್ರಾಕೆಟ್ ಅಣಬೆ: ಮರ ಕಡಿಯಲೇಬೇಕೇ, ಉಳಿಸಿಕೊಳ್ಳುವ ದಾರಿ ಇದೆಯೇ?

ಹ್ಯಾಂಪ್‌ಶೈರ್ ವಾಸಿ

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನಲ್ಲಿ, ವಿಂಚೆಸ್ಟರ್‌ಗೆ ಸಮೀಪದ ಒಂದು ಹಳ್ಳಿಯಲ್ಲಿ ವಾಸವಾಗಿದ್ದೇವೆ. ನಮ್ಮ ಹಿತ್ತಲಿನ ಗೋಡೆಯ ಆಚೆಗೆ ಊರಿನ ಹಳೆಯ ಚರ್ಚಿನ ಆವರಣವಿದೆ; ಗೋಡೆಯ ಈಚೆಗೆ, ನಮ್ಮ ಜಾಗದಲ್ಲಿಯೇ, ಒಂದು ದೊಡ್ಡ ಯೂ ಮರವಿದೆ (ಸೂಜಿಯಂತಹ ಎಲೆಯ, ಸದಾ ಹಸಿರಾಗಿರುವ ಮರ). ಎದೆಯೆತ್ತರದಲ್ಲಿ ಅಳೆದರೆ ಅದರ ಸುತ್ತಳತೆ 4.2 ಮೀಟರ್ ಬರುತ್ತದೆ. ಈ ಬೇಸಿಗೆಯಲ್ಲಿ ಕಾಂಡದ ಮೇಲೆ ಸುಮಾರು ಎರಡು ಮೀಟರ್ ಎತ್ತರದಲ್ಲಿ, ಹಿಂದೆಂದೋ ಕೊಂಬೆ ಮುರಿದುಬಿದ್ದ ಗಾಯದ ಪಕ್ಕ, ಕಣ್ಣು ಕುಕ್ಕುವ ಹಳದಿ-ಕಿತ್ತಳೆ ಬಣ್ಣದ ಅಣಬೆಯೊಂದು ಪದರ ಪದರವಾಗಿ ಹೊರಬಂದಿದೆ. ಬುಡದಲ್ಲಿ, ನೆಲಕ್ಕೆ ತಾಗಿದಂತೆ, ಕಂದು ಬಣ್ಣದ ಗಟ್ಟಿಯಾದ ಮತ್ತೊಂದು ಅಣಬೆ ಇದೆ. ಅದು ಕಳೆದ ಚಳಿಗಾಲದಲ್ಲಿಯೂ ಅಲ್ಲಿತ್ತು.

ಬೇಲಿ ಕತ್ತರಿಸಲು ಬಂದಿದ್ದ ಗುತ್ತಿಗೆದಾರರೊಬ್ಬರು ಇದನ್ನು ನೋಡಿ, ಮರದ ಒಳಗೆಲ್ಲ ಕೊಳೆತುಹೋಗಿದೆ, ಚಳಿಗಾಲದ ಗಾಳಿ ಶುರುವಾಗುವ ಮೊದಲೇ ಕಡಿಸಿಬಿಡಿ ಎಂದರು. ಈ ಮರಕ್ಕೆ ಟ್ರೀ ಪ್ರಿಸರ್ವೇಶನ್ ಆರ್ಡರ್ (ಕೌನ್ಸಿಲ್ ಎಂಬ ಸ್ಥಳೀಯ ಆಡಳಿತದ ಅನುಮತಿಯಿಲ್ಲದೆ ಮರ ಕಡಿಯಬಾರದೆಂಬ ಆದೇಶ) ಇದೆ ಎಂದು ಮನೆ ಕೊಳ್ಳುವಾಗಿನ ಕಾಗದಪತ್ರಗಳಲ್ಲಿಯೇ ನಮೂದಾಗಿತ್ತು. ಮರದ ಕೆಳಗೆ ಜಲ್ಲಿ ಹಾಸಿದ ಜಾಗದಲ್ಲಿ ನಮ್ಮ ಕಾರು ನಿಲ್ಲುತ್ತದೆ, ಮಕ್ಕಳೂ ಅಲ್ಲಿ ಓಡಾಡುತ್ತಾರೆ. ಇವು ಯಾವ ಅಣಬೆಗಳು, ಕೆರೆದು ತೆಗೆದರೆ ರೋಗ ನಿಲ್ಲುತ್ತದೆಯೇ, ಮರ ನಿಜಕ್ಕೂ ಅಪಾಯದಲ್ಲಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮರಗಳ ಜತೆಗಾರ

ನಮಸ್ಕಾರ. ನಾನು ಇಲ್ಲಿಯ ಒಂದು ಸ್ಥಳೀಯ ಆಡಳಿತದಲ್ಲಿ ಮರಗಳಿಗೆ ಸಂಬಂಧಿಸಿದ ಕೆಲಸದಲ್ಲಿದ್ದೇನೆ. ಮೊದಲಿಗೆ ಒಂದು ಕೋರಿಕೆ: ಯಾವ ಅಣಬೆಯನ್ನೂ ಕೆರೆಯಬೇಡಿ. ನಿಮಗೆ ಕಾಣುತ್ತಿರುವುದು ಶಿಲೀಂಧ್ರದ ಫಲ ಮಾತ್ರ; ಅದರ ಎಳೆಗಳು ಮರದೊಳಗೆ ಬಹಳ ವರ್ಷಗಳಿಂದ ಹಬ್ಬಿರುತ್ತವೆ. ಹೊರಗಿನದನ್ನು ತೆಗೆದರೆ ಒಳಗಿನ ಕೊಳೆತಕ್ಕೆ ಏನೂ ಆಗುವುದಿಲ್ಲ, ಆದರೆ ಗುರುತು ಹಿಡಿಯಲು ನಮಗಿರುವ ಅತ್ಯುತ್ತಮ ಸುಳಿವು ಕೈತಪ್ಪುತ್ತದೆ.

ನೀವು ವರ್ಣಿಸಿದ ಹಳದಿ ಅಣಬೆ ಬಹುತೇಕ ಲೇಟಿಪೋರಸ್ ಸಲ್ಫ್ಯೂರಿಯಸ್ ಇರಬೇಕು. ಬ್ರಿಟನ್ನಿನ ಹಳೆಯ ಯೂ ಮರಗಳಲ್ಲಿ ಪದೇ ಪದೇ ಕಾಣಸಿಗುವ ಬ್ರಾಕೆಟ್ ಅಣಬೆ, ಅಂದರೆ ಕಾಂಡದಿಂದ ಹಲಗೆಯಂತೆ ಚಾಚುವ ಅಣಬೆ ಇದು. ವಸಂತದ ಕೊನೆಯಿಂದ ಶರತ್ಕಾಲದೊಳಗೆ ಹೊರಬಂದು, ಕೆಲವು ವಾರಗಳಲ್ಲಿ ಬಣ್ಣ ಕಳೆದುಕೊಂಡು, ಸುಣ್ಣದ ಹಾಗೆ ಬಿಳಿಚಿ ಪುಡಿಪುಡಿಯಾಗಿ ಉದುರುತ್ತದೆ. ಬುಡದಲ್ಲಿರುವುದು ವರ್ಷವಿಡೀ ಉಳಿದಿದೆ ಎಂದಾದರೆ ಅದು ಬೇರೆಯದೇ ಜಾತಿ. ಅದರ ಬಗ್ಗೆ ಕೆಲವು ವಿವರ ಬೇಕು. ಮೇಲ್ಮೈ ಮಂಕಾಗಿದೆಯೇ ಅಥವಾ ಅರಗು ಬಳಿದಂತೆ ಹೊಳೆಯುತ್ತದೆಯೇ? ಕೆಳಮೈಯನ್ನು ಉಗುರಿನಿಂದ ಗೀರಿದರೆ ಬಣ್ಣ ಬದಲಾಗುತ್ತದೆಯೇ? ಸುತ್ತಲಿನ ಎಲೆಗಳ ಮೇಲೆ ಪುಡಿ ಬಿದ್ದಿದೆಯೇ? ಇದರ ಜೊತೆಗೆ, ದೂರದಲ್ಲಿ ನಿಂತು ಮರದ ನೆತ್ತಿಯನ್ನು ನೋಡಿ, ಎಲೆ ದಟ್ಟವಾಗಿದೆಯೇ ಅಥವಾ ಆಕಾಶ ಕಾಣುವಷ್ಟು ತೆಳುವಾಗಿದೆಯೇ ಎಂದು ತಿಳಿಸಿ. ನನ್ನ ಮಟ್ಟಿಗೆ ಅಣಬೆಯ ಹೆಸರಿಗಿಂತ ಈ ಕೊನೆಯ ಪ್ರಶ್ನೆಯ ಉತ್ತರವೇ ಹೆಚ್ಚು ಮುಖ್ಯ.

ಹ್ಯಾಂಪ್‌ಶೈರ್ ವಾಸಿ

ಇಂದು ಬೆಳಿಗ್ಗೆ ನಿಧಾನವಾಗಿ ನೋಡಿದೆ. ಬುಡದ ಅಣಬೆ ಒಂದೂವರೆ ಗೇಣಿನಷ್ಟು ಅಗಲವಿದೆ, ಮೇಲ್ಮೈ ಮಂಕು, ಉಬ್ಬುತಗ್ಗಾದ ಪಟ್ಟಿಗಳಿವೆ, ಅಂಚು ಬಿಳಿ. ಕೆಳಮೈ ಕೆನೆಬಿಳಿ ಇದ್ದು, ಉಗುರು ತಾಗಿದ ಕೂಡಲೇ ಆ ಗೆರೆ ಕಡುಕಂದು ಬಣ್ಣಕ್ಕೆ ತಿರುಗಿತು. ಅದರ ಬೆನ್ನಿನ ಮೇಲೆ ಮತ್ತು ಪಕ್ಕದ ಐವಿ ಬಳ್ಳಿಯ ಎಲೆಗಳ ಮೇಲೆ ಕೋಕೋ ಪುಡಿ ಚಿಮುಕಿಸಿದಂತಹ ಕಂದು ಧೂಳು ಕೂತಿದೆ. ಬೆರಳಿಂದ ಒರೆಸಿದರೆ ಕೆಳಗೆ ಐವಿಯ ಹಸಿರು ಕಾಣುತ್ತದೆ. ಮರದ ನೆತ್ತಿ ಮೂರು ದಿಕ್ಕಿನಲ್ಲಿ ದಟ್ಟವಾಗಿದೆ. ಕಾರು ನಿಲ್ಲುವ ದಿಕ್ಕಿನಲ್ಲಿ ಮಾತ್ರ ಎಲೆ ವಿರಳವಾಗಿದ್ದು, ಕೆಲವು ರೆಂಬೆಗಳ ತುದಿ ಒಣಗಿದೆ.

ಸಾಗರದ ತೋಟಿಗ

ನಾನು ಅಡಿಕೆ ಬೆಳೆಗಾರ, ಯೂ ಮರವನ್ನು ಕಣ್ಣಾರೆ ಕಂಡವನಲ್ಲ. ಆದರೆ ನೀವು ಹೇಳಿದ ಲಕ್ಷಣ ಓದಿದ ಕೂಡಲೇ ನಮ್ಮ ಅಣಬೆ ರೋಗ ನೆನಪಾಯಿತು. ನಮ್ಮಲ್ಲಿ ಬುಡದಲ್ಲಿ ಅಣಬೆ ಎದ್ದಿತೆಂದರೆ ಆ ಮರದ ಕಥೆ ಮುಗಿಯಿತೆಂದೇ ಲೆಕ್ಕ. ಅದಕ್ಕೂ ಮೊದಲು ಹೊರಸುತ್ತಿನ ಸೋಗೆ ಹಳದಿಯಾಗಿ ಜೋತುಬೀಳುತ್ತದೆ, ಬುಡದ ಕಾಂಡದಿಂದ ಕಂದು ಅಂಟು ಒಸರುತ್ತದೆ. ಸತ್ತ ಮರವನ್ನು ಬೇರುಸಹಿತ ಕಿತ್ತು ಸುಟ್ಟು, ಸುತ್ತ ಕಂದಕ ತೋಡಿ ಪಕ್ಕದ ಮರಗಳಿಂದ ಬೇರ್ಪಡಿಸಿ, ಉಳಿದವಕ್ಕೆ ಬೇವಿನ ಹಿಂಡಿ ಮತ್ತು ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಕೊಡುತ್ತೇವೆ. ಬೇರಿನ ಮೂಲಕ ಶಿಲೀಂಧ್ರನಾಶಕ ಉಣಿಸುವ ಕ್ರಮವೂ ಇದೆ. ಆ ರೋಗ ತರುವುದು ಗ್ಯಾನೋಡರ್ಮಾ ಎಂಬ ಶಿಲೀಂಧ್ರ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ನಿಮ್ಮದೂ ಅದೇ ಆಗಿದ್ದರೆ ಕಂದಕ ತೋಡಿ ಔಷಧಿ ಕೊಡಬಾರದೇ?

ಬ್ರಿಸ್ಟಲ್ ಅಣಬೆಪ್ರಿಯೆ

ಗೀರಿದಾಗ ಕಡುಕಂದಾಗುವ ಕೆಳಮೈ ಮತ್ತು ಕೋಕೋ ಬಣ್ಣದ ಬೀಜಕಣ ಎರಡನ್ನೂ ಸೇರಿಸಿ ನೋಡಿದರೆ, ತೋಟಿಗರು ಹೇಳಿದಂತೆ ಇದು ಗ್ಯಾನೋಡರ್ಮಾ ಕುಲಕ್ಕೇ ಸೇರಿದ್ದು. ಆಸ್ಟ್ರೇಲ್ ಅಥವಾ ಅಪ್ಲನೇಟಂ ಜಾತಿ ಇರಬಹುದು; ಬಿಳಿ ಅಂಚು ಇದೆಯೆಂದರೆ ಅದು ಈಗಲೂ ಬೆಳೆಯುತ್ತಿದೆ ಎಂದರ್ಥ. ಇವೆರಡನ್ನು ಖಚಿತವಾಗಿ ಬೇರ್ಪಡಿಸಲು ಬೀಜಕಣವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯಬೇಕಾಗುತ್ತದೆ, ಆದರೆ ಮರದ ನಿರ್ವಹಣೆಗೆ ಅಷ್ಟು ಸೂಕ್ಷ್ಮ ಬೇಕಾಗುವುದಿಲ್ಲ.

ಮೂರನೆಯ ಒಂದು ಜಾತಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಹೆಚ್ಚು ಅಗತ್ಯ. ಫಿಯೋಲಸ್ ಶ್ವೈನಿಟ್ಜಿ ಎಂಬುದು ಪೈನ್‌ನಂತಹ ಶಂಕುಮರಗಳ ಬೇರು ಮತ್ತು ಬುಡವನ್ನು ಕೊಳೆಯಿಸುವಂಥದ್ದು, ಯೂ ಮರದಲ್ಲಿಯೂ ಆಗಾಗ ಬರುತ್ತದೆ. ಎಳೆಯದರಲ್ಲಿ ಮೇಲ್ಮೈ ಮಖಮಲ್ಲಿನಂತೆ ಮೃದುವಾಗಿ, ಹಳದಿ ಅಂಚು ಹೊಂದಿ, ಬಲಿತಂತೆ ಕಡುಕಂದಾಗುತ್ತದೆ. ಕಾಂಡದಿಂದ ಸ್ವಲ್ಪ ದೂರದಲ್ಲಿ, ಹುಲ್ಲಿನ ನಡುವೆ ನೆಲದಿಂದಲೇ ಎದ್ದಂತೆ ಕಾಣುವುದರಿಂದ ಬಹಳ ಜನ ಅದನ್ನು ಮರಕ್ಕೆ ಸಂಬಂಧಿಸಿದ್ದೆಂದು ತಿಳಿಯುವುದಿಲ್ಲ. ದಯವಿಟ್ಟು ಬುಡದ ಸುತ್ತ ಹುಡುಕಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹಳದಿ ಅಣಬೆಯನ್ನು ಓಕ್ ಮರದಿಂದ ಕಿತ್ತು ತಿನ್ನುವವರು ಇಲ್ಲಿ ಬಹಳ ಮಂದಿ ಇದ್ದಾರೆ. ಯೂ ಮರದಲ್ಲಿ ಬೆಳೆದದ್ದನ್ನು ಮಾತ್ರ ತಿನ್ನಬೇಡಿ. ಈ ಮರದ ಎಲೆ, ಬೀಜ, ತೊಗಟೆ ಎಲ್ಲದರಲ್ಲಿಯೂ ಟ್ಯಾಕ್ಸೀನ್ ಎಂಬ ವಿಷವಿದೆ. ಕೆಂಪು ಹಣ್ಣಿನ ತಿರುಳಿನಲ್ಲಿ ವಿಷವಿಲ್ಲ, ಆದರೆ ಒಳಗಿನ ಬೀಜ ಅಗಿದರೆ ಅಪಾಯ. ಮಕ್ಕಳಿರುವ ಮನೆಯಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮರಗಳ ಜತೆಗಾರ

ತೋಟಿಗರ ಪ್ರಶ್ನೆ ಈ ಚರ್ಚೆಯ ಹೃದಯಕ್ಕೇ ತಾಗಿದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ. ಕುಲ ಒಂದೇ ಆದರೂ ಅಡಿಕೆಯಲ್ಲಿ ಅದು ಕೊಲ್ಲುವ ರೋಗ, ಯೂ ಮರದಲ್ಲಿ ಬಹುತೇಕ ವೇಳೆ ಮರದ ಜೊತೆಗೇ ಶತಮಾನಗಳ ಕಾಲ ಸಾಗುವ ಕೊಳೆತ. ಇದಕ್ಕೆ ಕಾರಣ ಶಿಲೀಂಧ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ಕಾಂಡದ ರಚನೆಯಲ್ಲಿದೆ.

ಅಡಿಕೆ, ತೆಂಗುಗಳ ಕಾಂಡದಲ್ಲಿ ನೀರು ಮತ್ತು ಆಹಾರ ಸಾಗಿಸುವ ನಾರುಗಳು ಅಡ್ಡಕೊಯ್ತದ ಉದ್ದಗಲಕ್ಕೂ ಹರಡಿಕೊಂಡಿವೆ. ಅಲ್ಲಿ ನಿರ್ಜೀವವಾದ ಚೇಗು ಬೇರೆ, ಜೀವಂತ ಹೊರಮರ ಬೇರೆ ಎಂಬ ವಿಂಗಡಣೆ ಇಲ್ಲ. ವರ್ಷವರ್ಷಕ್ಕೆ ಹೊಸ ಮರದ ಸುತ್ತನ್ನು ಕಟ್ಟುವ ಪದರವೂ ಇಲ್ಲ. ಆದ್ದರಿಂದ ಶಿಲೀಂಧ್ರ ಎಲ್ಲಿ ತಿಂದರೂ ಜೀವಂತ ಭಾಗವನ್ನೇ ತಿನ್ನುತ್ತದೆ, ತಿಂದದ್ದು ಮತ್ತೆ ತುಂಬಿಕೊಳ್ಳುವುದಿಲ್ಲ. ಯೂ ಮರದಲ್ಲಿ ನೀರು ಹರಿಯುವುದು ತೊಗಟೆಯ ಕೆಳಗಿನ ತೆಳುವಾದ ಬಿಳಿಮರದಲ್ಲಿ. ಒಳಗಿನ ಕಿತ್ತಳೆಗಂದು ಚೇಗು ತನ್ನ ಜೀವನಕಾರ್ಯ ಮುಗಿಸಿದ ಭಾಗ. ಲೇಟಿಪೋರಸ್ ತಿನ್ನುವುದು ಈ ಚೇಗನ್ನು. ಒಳಗೆ ಕೊಳೆಯುತ್ತಿರುವಾಗಲೇ ಮರ ಹೊರಗಡೆ ಪ್ರತಿವರ್ಷ ಒಂದು ಹೊಸ ಸುತ್ತನ್ನು ಕಟ್ಟುತ್ತದೆ, ಗಾಯದ ಸುತ್ತ ಗೋಡೆಯಂತಹ ತಡೆಗಳನ್ನು ಎಬ್ಬಿಸುತ್ತದೆ. ಮರ ಕೊಳೆತವನ್ನು ಗುಣಪಡಿಸುವುದಿಲ್ಲ, ಅದನ್ನು ಕೋಣೆಗಳಲ್ಲಿ ಕೂಡಿಹಾಕುತ್ತದೆ ಎಂಬುದನ್ನು ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ, 1970ರ ದಶಕದಲ್ಲಿ ಸಿದ್ಧಾಂತವಾಗಿ ಮಂಡಿಸಿದರು. ಇಂದಿನ ಮರನಿರ್ವಹಣೆಯೆಲ್ಲ ಅದರ ಮೇಲೆ ನಿಂತಿದೆ.

ಯೂ ಮರದ ವಿಶೇಷವೆಂದರೆ ಟೊಳ್ಳಾಗುವುದು ಅದರ ವೃದ್ಧಾಪ್ಯದ ಸಹಜ ಹಂತ. ಸ್ಕಾಟ್ಲೆಂಡಿನ ಫೋರ್ಟಿಂಗಾಲ್ ಯೂ ಮರವನ್ನು 1769ರಲ್ಲಿ ಅಳೆದಾಗ ಸುತ್ತಳತೆ 52 ಅಡಿ ಇತ್ತು. ಇಂದು ಅದರ ನಡುಭಾಗವೆಲ್ಲ ಹೋಗಿ, ಬಿಡಿ ಬಿಡಿ ಕಾಂಡಗಳಾಗಿ ನಿಂತಿದೆ, ಆದರೂ ಚಿಗುರುತ್ತಿದೆ. ಇಂಗ್ಲೆಂಡಿನ ಸರ್ರಿ ಜಿಲ್ಲೆಯ ಕ್ರೌಹರ್ಸ್ಟ್ ಚರ್ಚಿನ ಯೂ ಮರದ ಪೊಟರೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಾಗಿಲನ್ನೇ ಕೂರಿಸಿದ್ದರು, ಮರ ಇಂದಿಗೂ ಜೀವಂತವಾಗಿದೆ. ಹಳೆಯ ಯೂ ಮರಗಳು ತಮ್ಮ ಪೊಟರೆಯೊಳಗೆ ಬೇರು ಇಳಿಸಿ, ಕೊಳೆತ ಚೇಗಿನ ಪುಡಿಯಿಂದಲೇ ಸಾರ ಹೀರಿ, ಆ ಬೇರನ್ನು ಕ್ರಮೇಣ ಒಳಕಾಂಡವಾಗಿ ಮಾರ್ಪಡಿಸಿಕೊಳ್ಳುವುದೂ ಉಂಟು. ಹೀಗಿರುವಾಗ ಒಳಗೆ ಕೊಳೆತಿದೆ ಎಂಬ ಒಂದೇ ಕಾರಣಕ್ಕೆ ಕಡಿಯಿರಿ ಎನ್ನುವುದನ್ನು ನಾನು ಒಪ್ಪಲಾರೆ.

ಹಾಗೆಂದು ನಿಶ್ಚಿಂತೆಯಿಂದ ಇರಿ ಎಂದೂ ಹೇಳುವುದಿಲ್ಲ. ನಿಮ್ಮ ಮರದಲ್ಲಿ ಎರಡು ಬಗೆಯ ಕೊಳೆತ ಒಟ್ಟಿಗೆ ಇದೆ. ಲೇಟಿಪೋರಸ್ ಮರದ ಸೆಲ್ಯುಲೋಸನ್ನು (ಮರಕ್ಕೆ ಬಾಗುವ ಗುಣ ಕೊಡುವ ನಾರಿನಂಶ) ತಿಂದು ಲಿಗ್ನಿನ್ನನ್ನು (ಆ ನಾರನ್ನು ಬಿಗಿದು ಗಟ್ಟಿಯಾಗಿಸುವ ಅಂಶ) ಬಿಡುತ್ತದೆ. ಉಳಿದ ಮರ ಕಂದಾಗಿ, ಚೌಕ ಚೌಕವಾಗಿ ಬಿರಿದು, ಬಾಗದೆ ಮುರಿಯುವ ಗುಣ ಪಡೆಯುತ್ತದೆ. ಗ್ಯಾನೋಡರ್ಮಾ ಎರಡನ್ನೂ ತಿನ್ನುತ್ತದೆ, ಮರ ಬಿಳಿಚಿ ನಾರು ನಾರಾಗುತ್ತದೆ. ಅದು ಚೇಗಿಗಷ್ಟೇ ನಿಲ್ಲದೆ ಜೀವಂತ ಮರದ ಕಡೆಗೂ ನುಗ್ಗಬಲ್ಲದು ಮತ್ತು ಇರುವುದು ಬುಡದಲ್ಲಿ. ಹಳದಿ ಅಣಬೆಗಿಂತ ನನಗೆ ಈ ಕಂದು ಅಣಬೆಯೇ ಹೆಚ್ಚು ಚಿಂತೆಯ ವಿಷಯ.

ಔಷಧಿಯ ಬಗ್ಗೆ: ಇಷ್ಟು ದೊಡ್ಡ ಕಾಂಡದ ಚೇಗಿನೊಳಗಿನ ಶಿಲೀಂಧ್ರವನ್ನು ತಲುಪಿ ಕೊಲ್ಲುವ ರಾಸಾಯನಿಕ ಯಾವುದೂ ಇಲ್ಲ, ಏಕೆಂದರೆ ಅಲ್ಲಿ ರಸದ ಹರಿವೇ ಇಲ್ಲ. ಕಂದಕವಂತೂ ಖಂಡಿತ ಬೇಡ, ಅದು ಈ ಮರದ ಬೇರುಗಳನ್ನೇ ಕಡಿದುಹಾಕುತ್ತದೆ.

ಸಾಗರದ ತೋಟಿಗ

ಬಹಳ ಚೆನ್ನಾಗಿ ಬಿಡಿಸಿ ಹೇಳಿದಿರಿ ಸರ್, ಧನ್ಯವಾದಗಳು. ನಮ್ಮಲ್ಲೂ ನೀರು ನಿಲ್ಲುವ ತೋಟದಲ್ಲಿಯೇ ಅಣಬೆ ರೋಗ ಜಾಸ್ತಿ, ಆದ್ದರಿಂದ ಬಸಿಗಾಲುವೆ ಸರಿಯಾಗಿಡಿ ಎಂದು ಹಿರಿಯರು ಹೇಳುತ್ತಿದ್ದರು. ಯೂ ಮರಕ್ಕೂ ಆ ಮಾತು ಅನ್ವಯಿಸುತ್ತದೆಯೇ?

ಮರಗಳ ಜತೆಗಾರ

ಪೂರ್ತಿ ಅನ್ವಯಿಸುತ್ತದೆ. ಯೂ ಮರ ಸುಣ್ಣಕಲ್ಲಿನ ಒಣ ಇಳಿಜಾರಿನಲ್ಲಿ ಬದುಕಬಲ್ಲದು, ನಿಂತ ನೀರನ್ನು ಮಾತ್ರ ಸಹಿಸದು. ನಿಮ್ಮ ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟೊಫ್ತೊರಾ ಕುಲದ ಬೇರೆ ಜಾತಿಗಳು ಇಲ್ಲಿ ತೇವದ, ಗಾಳಿಯಾಡದ ಮಣ್ಣಿನಲ್ಲಿ ಯೂ ಮರದ ಬೇರನ್ನು ಕೊಳೆಯಿಸುತ್ತವೆ. ಟೊಳ್ಳಾದ ಯೂ ಮರ ನೂರಾರು ವರ್ಷ ನಿಲ್ಲಬಹುದು. ಬೇರು ಉಸಿರುಗಟ್ಟಿದ ಯೂ ಮರ ಕೆಲವೇ ವರ್ಷಗಳಲ್ಲಿ ಎಲೆ ಕಂಚಿನ ಬಣ್ಣಕ್ಕೆ ತಿರುಗಿ ಸಾಯಬಹುದು. ಹ್ಯಾಂಪ್‌ಶೈರ್ ವಾಸಿಗಳ ಮರದಲ್ಲಿ ಕಾರು ನಿಲ್ಲುವ ದಿಕ್ಕಿನಲ್ಲಿಯೇ ಎಲೆ ವಿರಳವಾಗಿದೆ ಎಂಬುದನ್ನು ಗಮನಿಸಿ.

ಈಗ ಸ್ವತಂತ್ರ ಸಲಹೆಗಾರರಿಂದ ತಪಾಸಣೆ ಮಾಡಿಸಿ. ಕಡಿಯುವ ಗುತ್ತಿಗೆಯಲ್ಲಿ ಯಾವ ಪಾಲೂ ಇಲ್ಲದ, ಹಳೆಯ ಮರಗಳ ಅನುಭವವಿರುವ ವ್ಯಕ್ತಿ ಆಗಿರಬೇಕು. ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ ಸದ್ದು ಕೇಳುವುದರಿಂದ ಶುರುವಾಗಿ, ಅಗತ್ಯ ಬಿದ್ದರೆ ಧ್ವನಿ ಟೊಮೊಗ್ರಾಫ್‌ವರೆಗೆ ಹೋಗುತ್ತಾರೆ; ಅದು ಕಾಂಡದ ಸುತ್ತ ಸಂವೇದಕಗಳನ್ನಿಟ್ಟು, ಧ್ವನಿ ಸಾಗುವ ವೇಗದಿಂದ ಒಳಗಿನ ಟೊಳ್ಳಿನ ಚಿತ್ರ ಕೊಡುವ ಸಾಧನ. ಕೊರೆಯುವ ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಳ್ಳಲಿ. ಕೊರೆಯುವ ಸೂಜಿ ತೆಳುವಾದರೂ ಮರ ಕಟ್ಟಿಕೊಂಡ ತಡೆಗೋಡೆಯನ್ನು ಅದು ತೂತು ಮಾಡುತ್ತದೆ.

ಹ್ಯಾಂಪ್‌ಶೈರ್ ವಾಸಿ

ತಪಾಸಣೆ ಆಯಿತು. ಮೊದಲಿಗೆ, ನೆಲದಲ್ಲಿ ಫಿಯೋಲಸ್ ಎಲ್ಲಿಯೂ ಸಿಗಲಿಲ್ಲ. ಕಾಂಡದ ತ್ರಿಜ್ಯ ಸುಮಾರು 67 ಸೆಂ.ಮೀ.; ಬುಡದಿಂದ ಅರ್ಧ ಮೀಟರ್ ಎತ್ತರದಲ್ಲಿ ಟೊಮೊಗ್ರಾಫ್ ಪ್ರಕಾರ ತ್ರಿಜ್ಯದ 65 ಶೇಕಡಾದಷ್ಟು ಒಳಭಾಗ ಟೊಳ್ಳು ಅಥವಾ ಕೊಳೆತದ್ದು. ಗಟ್ಟಿ ಮರದ ಹೊರಕವಚ ಸರಾಸರಿ 23 ಸೆಂ.ಮೀ. ದಪ್ಪವಿದೆ, ಆದರೆ ಗ್ಯಾನೋಡರ್ಮಾ ಇರುವ ಕಡೆ 12 ಸೆಂ.ಮೀ. ಮಾತ್ರ. 65 ಎಂಬ ಅಂಕಿ ನೋಡಿ ಮನೆಯಲ್ಲಿ ಎಲ್ಲರಿಗೂ ಗಾಬರಿಯಾಗಿದೆ. ಮೂರನೇ ಎರಡು ಪಾಲು ಹೋದ ಮೇಲೆ ಉಳಿದದ್ದೇನು?

ಮ್ಯಾಂಚೆಸ್ಟರ್ ಎಂಜಿನಿಯರ್

ನಾನು ಕಟ್ಟಡಗಳ ರಚನಾ ಎಂಜಿನಿಯರ್, ಮರಗಳ ತಜ್ಞನಲ್ಲ, ಆದರೆ ಈ ಅಂಕಿಯ ಬಗ್ಗೆ ಧೈರ್ಯ ಹೇಳಬಲ್ಲೆ. ಗಾಳಿಗೆ ಬಾಗುವ ದುಂಡು ಕಂಬದಲ್ಲಿ ಭಾರ ಹೊರುವುದು ಮುಖ್ಯವಾಗಿ ಹೊರಭಾಗ. ಟೊಳ್ಳಿನ ತ್ರಿಜ್ಯಕ್ಕೂ ಕಂಬದ ತ್ರಿಜ್ಯಕ್ಕೂ ಇರುವ ಅನುಪಾತದ ನಾಲ್ಕನೆಯ ಘಾತದಷ್ಟು ಮಾತ್ರ ಬಾಗುಬಲ ಕಡಿಮೆಯಾಗುತ್ತದೆ. ಅರ್ಧ ತ್ರಿಜ್ಯ ಟೊಳ್ಳಾದರೆ ನಷ್ಟ ಸುಮಾರು 6 ಶೇಕಡಾ, ನಿಮ್ಮ 65ಕ್ಕೆ ಸುಮಾರು 18, 70ಕ್ಕೆ 24. ಅದರಾಚೆಗೆ ನಷ್ಟ ವೇಗವಾಗಿ ಏರುತ್ತದೆ: 90 ಮುಟ್ಟಿದರೆ 66 ಶೇಕಡಾ ಹೋಗುತ್ತದೆ.

ಮರಗಳ ಜತೆಗಾರ

ಲೆಕ್ಕ ಸರಿಯಾಗಿದೆ, ಮರಗಳ ಬಲವನ್ನು ಅಧ್ಯಯನ ಮಾಡಿದ ಜರ್ಮನಿಯ ವಿಜ್ಞಾನಿ ಕ್ಲೌಸ್ ಮ್ಯಾಥೆಕ್ ಅವರು ಕೊಟ್ಟ, ಕವಚದ ದಪ್ಪ ತ್ರಿಜ್ಯದ 0.3 ಭಾಗಕ್ಕಿಂತ ಕಡಿಮೆಯಾದರೆ (ಅಂದರೆ ಟೊಳ್ಳು 70 ಶೇಕಡಾ ಮೀರಿದರೆ) ಎಚ್ಚರವಹಿಸಿ ಎಂಬ ಸೂತ್ರವೂ ಈ 70ರ ಆಸುಪಾಸಿನದೇ. ಆದರೆ ಮರ ಕೊಳವೆಯಲ್ಲ ಎಂಬ ಒಂದು ಮಾತು ಸೇರಿಸಬೇಕು. ಕವಚ ಎಲ್ಲ ಕಡೆ ಒಂದೇ ದಪ್ಪವಿರುವುದಿಲ್ಲ. ಪೊಟರೆಯ ಬಾಯಿ ತೆರೆದಿದ್ದರೆ ಅಥವಾ ಬಿರುಕಿದ್ದರೆ ಈ ಲೆಕ್ಕ ಮುರಿದುಬೀಳುತ್ತದೆ. ಇನ್ನೊಂದೆಡೆ, ಹಲವು ಕಾಂಡ ಬೆಸೆದುಕೊಂಡ ಯೂ ಮರದಲ್ಲಿ ಒಳಗೆ ಸಿಕ್ಕಿಕೊಂಡ ತೊಗಟೆ ಮತ್ತು ಬಿರುಕುಗಳು ಧ್ವನಿಯನ್ನು ತಡೆಯುವುದರಿಂದ ಟೊಮೊಗ್ರಾಫ್ ಇಲ್ಲದ ಟೊಳ್ಳನ್ನೂ ತೋರಿಸಬಹುದು. ಹಳೆಯ ಯೂ ಮರ ಎತ್ತರಕ್ಕೆ ಹೋಲಿಸಿದರೆ ಬಹಳ ದಪ್ಪವಾಗಿರುವುದು ಅದಕ್ಕೆ ಅನುಕೂಲ. ಆದರೂ ಬೇರಿನ ಹಿಡಿತ ಹೋದರೆ ಯಾವ ಕವಚವೂ ಕಾಪಾಡದು. ನಿಮ್ಮದೇ ಹ್ಯಾಂಪ್‌ಶೈರ್‌ನ ಸೆಲ್ಬೋರ್ನ್ ಚರ್ಚಿನ ಪ್ರಸಿದ್ಧ ಯೂ ಮರ 1990ರ ಜನವರಿಯ ಬಿರುಗಾಳಿಗೆ ಬುಡಮೇಲಾಯಿತು. ಕೊಂಬೆ ಕಡಿದು ಮತ್ತೆ ಎತ್ತಿ ನಿಲ್ಲಿಸಿದರೂ ಅದು ಬದುಕಲಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಕಾರಿನ ಜಾಗ ಬದಲಿಸುತ್ತಿದ್ದೆ. ಇದರಿಂದ ಎರಡು ಲಾಭ: ಕೊಂಬೆ ಬಿದ್ದರೂ ಕೆಳಗೆ ಏನೂ ಇರುವುದಿಲ್ಲ, ಬೇರಿನ ಮೇಲಿನ ಒತ್ತಡವೂ ನಿಲ್ಲುತ್ತದೆ. ಪ್ರಾಚೀನ ಮತ್ತು ವೃದ್ಧ ಮರಗಳ ಸುತ್ತ ಕಾಂಡದ ವ್ಯಾಸದ 15 ಪಟ್ಟು ತ್ರಿಜ್ಯದ ಜಾಗ ಕಾಯ್ದಿಡಬೇಕೆಂದು ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಮರಕ್ಕೆ ಅದು 20 ಮೀಟರ್. ಅಷ್ಟು ಜಾಗ ಹಿತ್ತಲಿನಲ್ಲಿ ಇರಲಾರದು, ಇದ್ದಷ್ಟನ್ನು ಬಿಟ್ಟುಕೊಡಿ. ಜಲ್ಲಿಯನ್ನು ಕೈಯಿಂದ ಎತ್ತಿಸಿ, ಯಂತ್ರ ತರಬೇಡಿ. ಗಟ್ಟಿಯಾದ ಮಣ್ಣನ್ನು ಒತ್ತಡದ ಗಾಳಿಯಿಂದ ಸಡಿಲಿಸುವ ಸಾಧನವಿದೆ, ಅದು ಬೇರಿಗೆ ಗಾಯ ಮಾಡುವುದಿಲ್ಲ. ಮೇಲೆ ಐದರಿಂದ ಹತ್ತು ಸೆಂ.ಮೀ. ದಪ್ಪ ಮರದ ಚೂರಿನ ಹೊದಿಕೆ ಹಾಕಿ, ಕಾಂಡಕ್ಕೆ ತಾಗಿಸಬೇಡಿ. ಪೊಟರೆಗೆ ಕಾಂಕ್ರೀಟ್ ತುಂಬುವುದು, ಗಾಯಕ್ಕೆ ಬಣ್ಣ ಬಳಿಯುವುದು, ಕಾಂಡಕ್ಕೆ ಕಬ್ಬಿಣದ ಪಟ್ಟಿ ಬಿಗಿಯುವುದು, ಇವೆಲ್ಲ ಹಿಂದಿನವರು ಪ್ರೀತಿಯಿಂದಲೇ ಮಾಡಿದ ಕೆಲಸಗಳು, ಆದರೆ ಮರಕ್ಕೆ ಕೇಡನ್ನೇ ತಂದವು. ಕಾಂಕ್ರೀಟ್ ಒಳಗೆ ತೇವ ಹಿಡಿದಿಡುತ್ತದೆ, ಪಟ್ಟಿ ಬೆಳೆಯುವ ಕಾಂಡವನ್ನು ಕತ್ತು ಹಿಸುಕುತ್ತದೆ.

ಕವಚ ತೆಳುವಾಗಿರುವ ದಿಕ್ಕಿಗೆ ಹೆಚ್ಚು ಚಾಚಿದ ಕೊಂಬೆಗಳಿದ್ದರೆ ತುದಿಯನ್ನಷ್ಟೇ ತುಸು ಇಳಿಸಬಹುದು. ಯೂ ಹಳೆಯ ಮರದಿಂದಲೂ ಚಿಗುರಬಲ್ಲದು, ನಿಜ, ಆದರೆ ಎಲೆಯೇ ಅದಕ್ಕೆ ಅನ್ನ. ಹೊರಕವಚ ದಪ್ಪವಾಗಬೇಕಾದರೆ ಎಲೆ ಬೇಕು. ಆದ್ದರಿಂದ ಒಮ್ಮೆಲೇ ದೊಡ್ಡ ಕತ್ತರಿ ಹಾಕಬೇಡಿ, ಹಂತ ಹಂತವಾಗಿ ಮಾಡಿ.

ಬ್ರಿಸ್ಟಲ್ ಅಣಬೆಪ್ರಿಯೆ

ಕತ್ತರಿಸಿದ ಸೊಪ್ಪನ್ನು ಬೇಲಿಯ ಆಚೆ ಎಸೆಯದಂತೆ ಕೆಲಸದವರಿಗೆ ಹೇಳಿ. ಪಕ್ಕದಲ್ಲಿ ಕುದುರೆ, ದನ ಇದ್ದರೆ ಅವಕ್ಕೆ ಪ್ರಾಣಾಪಾಯ. ಒಣಗಿದ ಸೊಪ್ಪಿನಲ್ಲಿಯೂ ವಿಷ ಉಳಿದಿರುತ್ತದೆ. ಪೊಟರೆಯಲ್ಲಿ ಬಾವಲಿಗಳಿವೆಯೇ ಎಂದೂ ನೋಡಿಸಿ, ಅವುಗಳ ನೆಲೆಗೆ ಕಾನೂನಿನ ರಕ್ಷಣೆಯಿದೆ.

ಹ್ಯಾಂಪ್‌ಶೈರ್ ವಾಸಿ

ಕಾರನ್ನು ಈಗಾಗಲೇ ರಸ್ತೆಬದಿಗೆ ಸರಿಸಿದ್ದೇವೆ, ಮಕ್ಕಳ ಉಯ್ಯಾಲೆಯೂ ಮನೆಯ ಇನ್ನೊಂದು ಬದಿಗೆ ಹೋಯಿತು. ಮರವನ್ನು ಉಳಿಸಿಕೊಳ್ಳುವುದೆಂದು ಮನೆಯವರೆಲ್ಲ ತೀರ್ಮಾನಿಸಿದ್ದೇವೆ. ಚರ್ಚಿನವರಿಗೂ ತಿಳಿಸಿದೆ, ಗೋಡೆಯ ಆಚೆ ಹೊಸ ಸಮಾಧಿಗಾಗಿ ಬೇರಿನ ಬಳಿ ಅಗೆಯುವುದಿಲ್ಲ ಎಂದು ಒಪ್ಪಿದ್ದಾರೆ. ಎರಡು ಕೊಂಬೆಗಳ ತುದಿ ಇಳಿಸಲು ಕೌನ್ಸಿಲ್‌ಗೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಏನು ಬರೆಯಬೇಕು, ಮುಂದೆ ಎಷ್ಟು ಸಲ ಪರೀಕ್ಷಿಸಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಮರಗಳ ಜತೆಗಾರ

ನಿಮ್ಮ ತೀರ್ಮಾನ ಓದಿ ಮನಸ್ಸು ತುಂಬಿತು. ಅರ್ಜಿಯಲ್ಲಿ ಶೇಕಡಾವಾರು ಲೆಕ್ಕ ಬೇಡ; ಇಪ್ಪತ್ತು ಶೇಕಡಾ ಇಳಿಸುತ್ತೇವೆ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಯಾವ ಕೊಂಬೆ, ಯಾವ ದಿಕ್ಕಿನದು, ಈಗ ಎಷ್ಟು ಮೀಟರ್ ಚಾಚಿದೆ, ಕೆಲಸದ ನಂತರ ಎಷ್ಟು ಮೀಟರ್ ಉಳಿಯುತ್ತದೆ ಎಂದು ಬರೆದು, ಕೊಂಬೆಗಳನ್ನು ಗುರುತಿಸಿದ ಫೋಟೋ ಮತ್ತು ತಪಾಸಣಾ ವರದಿ ಲಗತ್ತಿಸಿ. ಸಾಮಾನ್ಯವಾಗಿ ಎಂಟು ವಾರಗಳಲ್ಲಿ ತೀರ್ಮಾನ ಬರಬೇಕು. ಅನುಮತಿಪತ್ರ ಕೈಗೆ ಬರುವವರೆಗೆ ಹಸಿ ಕೊಂಬೆಗೆ ಗರಗಸ ಇಡಬೇಡಿ.

ಪರೀಕ್ಷೆಯ ಮಟ್ಟಿಗೆ, ವರ್ಷಕ್ಕೊಮ್ಮೆ ಬೇಸಿಗೆಯ ಕೊನೆಯಲ್ಲಿ ಒಂದೇ ಜಾಗದಲ್ಲಿ ನಿಂತು ನೆತ್ತಿಯ ಫೋಟೋ ತೆಗೆಯಿರಿ, ಹೊಸ ಚಿಗುರಿನ ಉದ್ದ ಅಳೆದು ಬರೆದಿಡಿ, ಗ್ಯಾನೋಡರ್ಮಾದ ಅಂಚು ಬಿಳಿಯಾಗಿದೆಯೇ ಎಂದು ನೋಡಿ. ಪ್ರತಿ ದೊಡ್ಡ ಗಾಳಿಯ ಮರುದಿನ ಬುಡದ ಸುತ್ತ ಮಣ್ಣು ಬಿರಿದಿದೆಯೇ, ಗಾಳಿ ಬೀಸಿಬಂದ ದಿಕ್ಕಿನ ನೆಲ ಮೇಲೆದ್ದಿದೆಯೇ ಎಂದು ಗಮನಿಸಿ. ಅಂಥದ್ದು ಕಂಡರೆ ಯಾರನ್ನೂ ಅತ್ತ ಬಿಡದೆ ಕೂಡಲೇ ಸಲಹೆಗಾರರನ್ನು ಕರೆಸಿ. ಏನೂ ಕಾಣದಿದ್ದರೆ ಮೂರು ವರ್ಷದ ನಂತರ ಟೊಮೊಗ್ರಾಫ್ ಮತ್ತೆ ಮಾಡಿಸಿ. ಸಂವೇದಕಗಳನ್ನು ಈ ಬಾರಿ ಇಟ್ಟ ಎತ್ತರ ಮತ್ತು ದಿಕ್ಕುಗಳ ವಿವರವನ್ನು ಈಗಲೇ ಅವರಿಂದ ಬರೆಸಿ ಇಟ್ಟುಕೊಳ್ಳಿ, ಇಲ್ಲವಾದರೆ ಎರಡು ಚಿತ್ರಗಳನ್ನು ಹೋಲಿಸಲು ಆಗುವುದಿಲ್ಲ.